ಬೀಜಕ್ಕೆ ಬಿಟ್ಟದ್ದು

ಬದನೆಗಿಡಕ್ಕೆ ಆ ಕೆಂಪು ಚಿಂದಿಯನ್ನು ಕಟ್ಟಿದವಳು ನಾಗು ಅಲ್ಲ. ಬೇರೆ ಏನನ್ನು ಮರೆತರೂ ಇಂಥದ್ದನ್ನು ಮರೆಯುವ ಹೆಂಗಸಲ್ಲ ಅವಳು.

ಕುಮಟೆಯ ಪೇಟೆಯಲ್ಲಿ ಬಸಳೆ, ಹರಿವೆ, ಮೊಗೆಕಾಯಿ ಮಾರಿ, ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ತಮ್ಮ ಪುಟ್ಟ ಕೇರಿ ಕೊಪ್ಪಕ್ಕೆ ಬರುವಾಗ ನೆತ್ತಿ ಸುಡುವ ಹೊತ್ತು. ಮನೆಯೊಳಗೆ ಕಾಲಿಡುವ ಮೊದಲು ಬಾವಿಕಟ್ಟೆಯ ಪಕ್ಕದ ಬದನೆ ಸಾಲಿಗೆ ಒಂದು ಸುತ್ತು ಹಾಕುವುದು ಅವಳ ರೂಢಿ. ಅವತ್ತೂ ಹಾಕಿದಳು. ಏಳು ಗಿಡಗಳ ಸಾಲಿನಲ್ಲಿ ಎರಡನೆಯದರ ಟೊಂಗೆಗೆ, ಕುಡಿ ಬಾಡಿ ಜೋತುಬಿದ್ದ ಜಾಗದ ಸ್ವಲ್ಪ ಕೆಳಗೆ, ಬೆರಳಗಲದ ಕೆಂಪು ಬಟ್ಟೆ ಕಟ್ಟಿತ್ತು. ಗಂಟು ಕಂಡದ್ದೇ ಬುಟ್ಟಿ ಜಾರಿ ಕೆಳಗೆ ಬಿತ್ತು. ಎರಡು ಸುತ್ತು, ಒಂದು ಕುಣಿಕೆ, ತುದಿಯನ್ನು ಎಡಕ್ಕೆ ತೂರಿಸಿ ಎಳೆದದ್ದು. ಅದು ಅವಳ ಅತ್ತೆ ಹೊನ್ನಮ್ಮನ ಗಂಟು. ಬಟ್ಟೆಯೂ ಹೊನ್ನಮ್ಮನ ಸೀರೆಯದೇ. ಹೊನ್ನಮ್ಮ ತೀರಿಕೊಂಡು ಆಗಲೇ ಮೂರು ಮಳೆಗಾಲ ಕಳೆದಿದ್ದವು.

ಸತ್ತವರು ತಿರುಗಿ ಬರುತ್ತಾರೋ ಇಲ್ಲವೋ ಎಂಬ ವಾದ ಪೇಟೆಯವರಿಗಿರಲಿ. ಕೊಪ್ಪದಲ್ಲಿ ಅಂಥ ವಾದವಿಲ್ಲ. ಬರುತ್ತಾರೆ, ಸರಿ. ಯಾತಕ್ಕೆ ಬಂದರು ಎಂಬುದೊಂದೇ ಪ್ರಶ್ನೆ. ನಾಗು ಆ ಉರಿಬಿಸಿಲಿನಲ್ಲಿ ಮೈಯೆಲ್ಲ ತಣ್ಣಗಾಗಿ ನಿಂತು ಅದನ್ನೇ ಕೇಳಿಕೊಂಡಳು.

ಯಾಕೆಂದರೆ ಆ ಚಿಂದಿಗೆ ಒಂದು ಅರ್ಥವಿತ್ತು. ಹೊನ್ನಮ್ಮ ಇದ್ದಾಗ ಪ್ರತಿ ವರ್ಷ ಕಾಯಿ ಬಿಡುವ ಹೊತ್ತಿಗೆ ಸಾಲಿನುದ್ದಕ್ಕೂ ಕೂತು ಕೂತು ಸರಿಯುತ್ತಿದ್ದಳು. ಒಂದೊಂದು ಗಿಡವನ್ನೂ ಮದುವೆಗೆ ಹೆಣ್ಣು ನೋಡುವವಳ ಹಾಗೆ ನೋಡುತ್ತಿದ್ದಳು. ಯಾವುದಕ್ಕೆ ರೋಗವಿಲ್ಲ, ಯಾವುದು ಬಿಸಿಲಿಗೆ ಬಾಗಲಿಲ್ಲ, ಯಾವುದರ ಕಾಯಿ ಕೈ ತುಂಬುತ್ತದೆ, ಎಲ್ಲ ನೋಡಿ, ಕೊನೆಗೆ ಒಂದು ಕಾಯಿಯ ತೊಟ್ಟಿಗೆ ತನ್ನ ಹಳೆಯ ಸೀರೆಯ ಚಿಂದಿ ಕಟ್ಟಿ ಮೂರು ಸಲ ಹೇಳುತ್ತಿದ್ದಳು: "ನೀ ಮನೆಗೆ. ಉಳ್ದದ್ದು ಪೇಟೆಗೆ." ಅಲ್ಲಿಗೆ ಆ ಕಾಯಿ ಬೀಜಕ್ಕೆ ಬಿಟ್ಟದ್ದು. ಅದು ಹಣ್ಣಾಗಿ, ಹಳದಿಗಟ್ಟಿ, ಕೊಯ್ಯುವ ದಿನ ಬರುವವರೆಗೆ ಅದನ್ನು ಯಾರೂ ಮುಟ್ಟಬಾರದು, ಚಾಕು ತಾಗಬಾರದು, ಮದ್ದು ಸೋಕಬಾರದು. ಆಮೇಲೆ ಬೀಜ ಬೂದಿಯಲ್ಲಿ ಹೊರಳಿ, ಒಣಗಿ, ಒಲೆಯ ಮೇಲೆ ತೂಗುವ ಸೋರೆಬುರುಡೆಯನ್ನು ಸೇರುತ್ತಿತ್ತು. ಇದೆಲ್ಲ ಹೆಂಗಸರ ಕೆಲಸ. ಬದನೆ ಬೀಜ ಎಲ್ಲಿಂದ ಬರುತ್ತದೆ ಎಂದು ಕೊಪ್ಪದ ಗಂಡಸರನ್ನು ಕೇಳಿದರೆ "ಒಲೆ ಮೇಲಿಂದ" ಎನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಆ ಬದನೆಗೆ ಬೇರೆ ಹೆಸರಿರಲಿಲ್ಲ. ಕುಮಟೆಯಲ್ಲಿ ಅದು ಹೊನ್ನಮ್ಮನ ಬದನೆ. ತಿಳಿಹಸಿರು ಮೈ, ನೇರಳೆ ಗೀರು, ತೊಟ್ಟಿನಲ್ಲಿ ನಾಲ್ಕು ಮುಳ್ಳು. ಕೆಂಡದಲ್ಲಿ ಸುಟ್ಟರೆ ಸಿಪ್ಪೆ ತಾನಾಗಿ ಕಳಚಿಕೊಳ್ಳುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಕೊಂಕಣಿ ಅಮ್ಮಂದಿರು ಬೇರೆ ಯಾರ ಬುಟ್ಟಿಗೂ ಕೈ ಹಾಕದೆ ಹೊನ್ನಮ್ಮ ಬರುವವರೆಗೆ ಕಾಯುತ್ತಿದ್ದರು.

ಸಾಯುವ ಹಿಂದಿನ ದಿನ ಹೊನ್ನಮ್ಮ ಸೊಸೆಯ ಕೈ ಹಿಡಿದುಕೊಂಡಿದ್ದಳು. ನಾಗುವಿಗೆ ಮದುವೆಯಾಗಿ ಆಗ ಹನ್ನೆರಡು ವರ್ಷ. ಮಕ್ಕಳಾಗಿರಲಿಲ್ಲ.

"ನಿಂಗೆ ಹೊಟ್ಟೆ ತುಂಬ್ಲಿಲ್ಲ ಅಂತ ನಾ ಒಂದಿನ ಆಡಿದ್ನೇ?"

"ಇಲ್ಲ ಅತ್ತೆ."

"ಹಂಗಾರೆ ನನ್ ಒಂದ್ ಮಾತು ನಡ್ಸು. ಈ ಬೀಜ ಮುರೀಬೇಡ."

ಬೀಜದ ವಂಶ ತುಂಡಾಗಲು ಬಿಡುವುದಿಲ್ಲ, ಆತು ಎಂದಳು ನಾಗು. ಸೊಸೆಯಂದಿರು ಸಾಯುವ ಅತ್ತೆಯಂದಿರಿಗೆ ಎಷ್ಟೋ ಮಾತು ಕೊಡುತ್ತಾರೆ, ಹದಿಮೂರನೆಯ ದಿನಕ್ಕೆ ಮರೆಯುತ್ತಾರೆ. ನಾಗುವಿಗೆ ಈ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ಈ ಮನೆಯಲ್ಲಿ ತನ್ನಿಂದ ಮುಂದಕ್ಕೆ ಹೋಗಬೇಕಾದದ್ದು ಇದೊಂದೇ ಎಂದು ಅವಳು ತಿಳಿದಿದ್ದಳು. ಯಾರೂ ಹೇಳದಿದ್ದರೂ ತಿಳಿದಿದ್ದಳು.

ಈಗ ಎರಡು ಸಾವಿರದ ನಾಲ್ಕನೆಯ ಇಸವಿ, ಶಿವರಾತ್ರಿ ಕಳೆದ ಮೇಲಿನ ಮಾತು. ಇಡೀ ಕೊಪ್ಪದಲ್ಲಿ ಹೊನ್ನಮ್ಮನ ಬದನೆ ಉಳಿದಿದ್ದದ್ದು ಬಾವಿಕಟ್ಟೆಯ ಪಕ್ಕದ ಆ ಏಳು ಗಿಡಗಳಲ್ಲಿ ಮಾತ್ರ. ಉಳಿದವರೆಲ್ಲ ಪೇಟೆಯಿಂದ ಪ್ಯಾಕೆಟ್ಟಿನ ಬೀಜ ತಂದಿದ್ದರು. ನಾಗುವಿನ ಸೋರೆಬುರುಡೆ ಅಲ್ಲಾಡಿಸಿದರೆ ಸದ್ದಿಲ್ಲ. ಹೋದ ವರ್ಷದ ಬೀಜವೆಲ್ಲ ಈ ಏಳಕ್ಕೇ ಮುಗಿದಿತ್ತು. ಆ ಏಳರಲ್ಲೂ ಹುಳವಿಲ್ಲದೆ ಉಳಿದದ್ದು ಒಂದೇ ಕಾಯಿ, ಕೊನೆಯ ಗಿಡದ್ದು. ಅದಿನ್ನೂ ಎಳೆಯದು.

ಹುಳದ ಕಥೆಯನ್ನೂ ಹೇಳಿಬಿಡಬೇಕು. ಬದನೆ ಇದ್ದಲ್ಲಿ ಕೊರೆಯುವ ಹುಳ ಮೊದಲಿನಿಂದಲೂ ಇತ್ತು. ಕುಡಿಯೊಳಗೆ ಹೊಕ್ಕು ಕುಡಿ ಬಾಡಿಸುವುದು, ಕಾಯಿಯೊಳಗೆ ಹೊಕ್ಕು ಕಾಯಿ ಹಾಳು ಮಾಡುವುದು. ಹೊನ್ನಮ್ಮ ಬೆಳಿಗ್ಗೆ ಎದ್ದು ಬಾಡಿದ ಕುಡಿ ಚಿವುಟಿ ಒಲೆಗೆ ಹಾಕುತ್ತಿದ್ದಳು. ಹತ್ತರಲ್ಲಿ ಎರಡು ಕಾಯಿ ಹುಳಕ್ಕೆ ಹೋಗುತ್ತಿತ್ತು, ಯಾರೂ ಎದೆ ಬಡಿದುಕೊಳ್ಳುತ್ತಿರಲಿಲ್ಲ. ಆಮೇಲೆ ಅವಳ ಮಗ, ನಾಗುವಿನ ಗಂಡ ಬೀರ, ಬೆನ್ನಿಗೆ ಹೊರುವ ಪಂಪು ತಂದ. ಮೊದಲ ಸಲ ಮದ್ದು ಹೊಡೆದ ಮರುದಿನ ಹುಳಗಳು ನೂಲಿನ ತುಂಡಿನ ಹಾಗೆ ನೆಲದ ಮೇಲೆ ಬಿದ್ದಿದ್ದವು. ಕೊಪ್ಪದವರೆಲ್ಲ ಬಂದು ನೋಡಿ ಹೋದರು. ಬೀರನಿಗೆ ಆ ವರ್ಷ ಮೀಸೆ ತಿರುವುವುದೇ ಕೆಲಸ. ತಿಂಗಳಿಗೊಮ್ಮೆ ಹೊಡೆದರೆ ಸಾಕಿತ್ತು.

ಎರಡು ವರ್ಷದ ಮೇಲೆ ಹದಿನೈದು ದಿನಕ್ಕೊಮ್ಮೆ ಹೊಡೆಯಬೇಕಾಯಿತು. ಆಮೇಲೆ ವಾರಕ್ಕೊಮ್ಮೆ. ಮುಚ್ಚಳದ ಅಳತೆ ಒಂದಿದ್ದದ್ದು ಎರಡಾಯಿತು, ಮೂರಾಯಿತು. ಮದ್ದಿನಂಗಡಿಯವನು ಡಬ್ಬಿ ಬದಲಿಸಿ ಕೊಟ್ಟ. ಹೊಸ ಡಬ್ಬಿಯದು ಎರಡು ಸುಗ್ಗಿ ನಡೆಯಿತು. ಆಮೇಲೆ ಬೀರ ಎರಡು ಡಬ್ಬಿಯದನ್ನೂ ಕೂಡಿಸಿ ಹೊಡೆದ. ಹುಳ ಸಾಯಲಿಲ್ಲ. ಬೀರನ ಕಣ್ಣಲ್ಲಿ ನೀರು ಬರಲು ಶುರುವಾಯಿತು, ಅನ್ನದ ತುತ್ತು ಎತ್ತುವಾಗ ಕೈ ನಡುಗುತ್ತಿತ್ತು. ಕೇಳಿದರೆ "ಬಿಸ್ಲಿಗೆ" ಎನ್ನುತ್ತಿದ್ದ. ಮದ್ದು ಹೊಡೆಯುವ ಆಸಾಮಿ ಸೊರಗುತ್ತ ಬಂದ, ಹುಳ ಕೊಬ್ಬುತ್ತ ಬಂತು.

ಹಾಗಾಗಿ ನಾಗು ಈ ಸಲ ಖಡಾಖಂಡಿತ ಹೇಳಿದ್ದಳು. ಬೀಜದ ಸಾಲಿಗೆ ಒಂದು ಹನಿ ಮದ್ದೂ ಬೀಳಬಾರದು.

"ಆತು, ಮಾರಾಯ್ತಿ. ನಿನ್ ಸಾಲಿನ ಬದೀಗೂ ನಾ ಬರೂದಿಲ್ಲ" ಎಂದಿದ್ದ ಬೀರ.

ಆಮೇಲೆ ಈ ಚಿಂದಿ.

"ಬದನೆ ಗಿಡಕ್ಕೆ ಅತ್ತೆ ಸೀರೆ ತುಂಡು ಯಾರು ಕಟ್ಟಿದ್ದು?" ಎಂದು ಅವಳು ಸಂಜೆ ಊಟಕ್ಕೆ ಬಡಿಸುತ್ತ ಕೇಳಿದಳು.

ಬೀರ ತಲೆಯೆತ್ತಲಿಲ್ಲ. "ಎಂತ ತುಂಡು? ನಾ ಕಾಣ್ಲಿಲ್ಲ."

ಮೂರು ದಿನ ಬಿಟ್ಟು ನಾಲ್ಕನೆಯ ಗಿಡಕ್ಕೆ ಇನ್ನೊಂದು ಬಂತು. ಅದೇ ಕೆಂಪು, ಅದೇ ಗಂಟು. ಮತ್ತೆ ಮೂರು ದಿನಕ್ಕೆ ಒಂದನೆಯದಕ್ಕೂ ಮೂರನೆಯದಕ್ಕೂ ಐದನೆಯದಕ್ಕೂ. ಪ್ರತಿ ಸಲ ಅದು ಕಾಣುವುದು ನಾಗು ಪೇಟೆಯಿಂದ ಬಂದ ಮೇಲೆ, ನಡುಮಧ್ಯಾಹ್ನ, ಒಂದು ಕಾಗೆಯೂ ಕೂಗದ ಹೊತ್ತಿನಲ್ಲಿ. ದೂರದಲ್ಲಿ ಮಂಗಳೂರ ಕಡೆಯ ರೈಲು ಹೋದ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅವಳು ಬಾವಿಯಿಂದ ನೀರು ಸೇದುವಾಗ ಹಿಂದೆ ಯಾರೋ ಕೂತು ಕೂತು ಸರಿದ ಹಾಗೆ ಅನಿಸುತ್ತಿತ್ತು. ತಿರುಗಿ ನೋಡುವ ಧೈರ್ಯವಾಗುತ್ತಿರಲಿಲ್ಲ. ಕೊಡ ಅರ್ಧ ತುಂಬಿದ್ದೇ ಎತ್ತಿಕೊಂಡು ಒಳಗೆ ಓಡುತ್ತಿದ್ದಳು.

ಟೆಂಪೋದಲ್ಲಿ ಕುಮಟೆಗೆ ಹೋಗುವಾಗ ಅವಳು ಕಮಲಿಗೆ ಹೇಳಿದಳು. ಕಮಲಿ ಬೀರನ ತಂಗಿ, ಪಕ್ಕದ ಕೊಪ್ಪಕ್ಕೆ ಕೊಟ್ಟವಳು. ಅವಳೂ ದಿನಾ ತರಕಾರಿ ಮಾರಲು ಬರುತ್ತಿದ್ದಳು. ತಾಯಿ ಕೊಟ್ಟ ಬೀಜವನ್ನು ಅವಳು ಹೊಸ ಬೀಜದ ಹುರುಪಿನಲ್ಲಿ ಎಂದೋ ಕಳೆದುಕೊಂಡಿದ್ದಳು. ಆ ಅಳುಕು ಅವಳಿಗೆ ಇದ್ದೇ ಇತ್ತು.

"ಅವ್ವಿಗೆ ಸಿಟ್ಟು ಬಂದದೆ ಅತ್ಗೆ" ಎಂದಳು ಕಮಲಿ, ಕೆನ್ನೆ ಕೆನ್ನೆ ಬಡಿದುಕೊಂಡು. "ಕುಚ್ಚಕ್ಕಿ ಅನ್ನ, ಸುಟ್ಟ ಒಣಮೀನು, ಎಲೆಅಡಿಕೆ ಇಡು. ಅವ್ವಿಗೆ ಬಂಗ್ಡೆ ಅಂದ್ರೆ ಪ್ರಾಣ."

ನಾಗು ಇಟ್ಟಳು. ಮರುದಿನ ಬಾಳೆಲೆ ಬರಿದಾಗಿತ್ತು. ಬೆಕ್ಕು ಎಂದು ನೀವು ಹೇಳಬಹುದು. ನಾಗುವೂ ಹಾಗೇ ಹೇಳಿಕೊಂಡಳು. ಆದರೆ ಅದೇ ಮಧ್ಯಾಹ್ನ ಆರನೆಯ ಗಿಡಕ್ಕೆ ಚಿಂದಿ ಬಂದಿತ್ತು.

ಅವತ್ತು ಅವಳು ಧೈರ್ಯ ಮಾಡಿ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದೊಂದನ್ನೂ ನೋಡುತ್ತ ಹೋದಳು. ಎಲ್ಲಿ ಹುಳವಿದೆಯೋ ಅಲ್ಲಿ ಚಿಂದಿಯಿದೆ. ಎಲ್ಲಿ ಹುಳ ಜಾಸ್ತಿಯೋ ಅಲ್ಲಿ ಎರಡಿವೆ. ಏಳನೆಯ ಗಿಡಕ್ಕೆ, ಆ ಒಂದೇ ಒಂದು ಒಳ್ಳೆಯ ಕಾಯಿಗೆ, ಏನೂ ಇಲ್ಲ. ಆಗ ಅವಳಿಗೆ ಹೊಳೆಯಿತು. ಅತ್ತೆ ಬೀಜಕ್ಕೆ ಬಿಡುತ್ತಿರುವುದು ಬದನೆಯನ್ನಲ್ಲ, ಹುಳವನ್ನು. ಬೀಜವನ್ನು ಒಂದೇ ಕಾಯಿಗೆ ಇಳಿಸಿ ಮಾತು ತಪ್ಪಿದ ಸೊಸೆಯ ಮೇಲಿನ ಮುನಿಸಿಗೆ, ಮೂರು ಮೂರು ಸಲ, ಹುಳಕ್ಕೆ ಹೇಳುತ್ತಿದ್ದಾಳೆ: ನೀ ಮನೆಗೆ.

ಹೆದರಿಕೆ ಒಂದು ಕಡೆ, ಅದಕ್ಕಿಂತ ಹೆಚ್ಚು ದುಃಖ ಒಂದು ಕಡೆ. ಬದುಕಿದ್ದಾಗ ಒಂದು ಕೆಟ್ಟ ಮಾತಾಡದ ಹೆಂಗಸು ಸತ್ತ ಮೇಲೆ ಇಷ್ಟು ನಿಷ್ಠುರವಾಗಬಹುದೇ ಎಂದು ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಆ ವಾರವೇ ಕೃಷಿ ಇಲಾಖೆಯವರ ಮೀಟಿಂಗು ಶಾಲೆಯ ಜಗುಲಿಯಲ್ಲಿ ನಡೆಯಿತು. ಬಂದದ್ದು ವಿಶ್ವನಾಥ ಎಂಬ ಹೊನ್ನಾವರ ಕಡೆಯ ಹುಡುಗ. ಹೊಸದಾಗಿ ಕೆಲಸಕ್ಕೆ ಸೇರಿದ್ದ, ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದ.

"ಹುಳ ಮದ್ದಿಗೆ ಒಗ್ಗಿಕೊಂಡದೆ ಅಂತೀರಿ. ಹಾಗಲ್ಲ. ಯಾವ ಹುಳವೂ ಒಗ್ಗಿಕೊಳ್ಳೂದಿಲ್ಲ. ಸಾವಿರ ಹುಳದಲ್ಲಿ ಹುಟ್ಟುವಾಗ್ಲೇ ಮದ್ದು ತಡ್ಕೊಳ್ಳೋ ಗುಣ ಇದ್ದದ್ದು ಒಂದೋ ಎರಡೋ ಇರ್ತದೆ. ನೀವು ಉಳಿದ ಅಷ್ಟನ್ನೂ ಕೊಂದು ಆ ಎರಡಕ್ಕೆ ಜಾಗ ಮಾಡಿ ಕೊಡ್ತೀರಿ. ಅವೆರಡೂ ಕೂಡ್ತವೆ, ಅವುಗಳ ಮಕ್ಕಳಿಗೆ ಅದೇ ಗುಣ. ನಮ್ಗೆ ಒಂದು ತಲೆಮಾರು ಅಂದ್ರೆ ಇಪ್ಪತ್ತು ವರ್ಷ. ಹುಳಕ್ಕೆ ಒಂದು ತಿಂಗ್ಳು. ಮದ್ದು ಹೆಚ್ಚು ಮಾಡಿದಷ್ಟೂ ಇನ್ನೂ ಗಟ್ಟಿಯದನ್ನೇ ಆರಿಸಿದ ಹಾಗೆ."

ಪರಿಹಾರವನ್ನೂ ಹೇಳಿದ. ಬಾಡಿದ ಕುಡಿ ಕಿತ್ತು ಸುಡಿ. ಹುಳ ಮಿತಿಮೀರಿದ ಗಿಡವನ್ನು ಬುಡಸಮೇತ ತೆಗೆಯಿರಿ. ಎಲ್ಲರೂ ಸೇರಿ ಒಂದು ಸುಗ್ಗಿ ಬದನೆಯನ್ನೇ ಬೆಳೆಯಬೇಡಿ, ಹುಳದ ವಂಶ ಅಲ್ಲಿಗೆ ಕಡಿಯುತ್ತದೆ.

ಹಿಂದಿನಿಂದ ಮುದುಕ ದಾಸ ಕೈ ಎತ್ತಿ, "ಎಲ್ಲಾ ಸಮ, ಸಾಹೇಬ್ರೆ. ಹಂಗಾರೆ ಈಗ ಯಾವ ಮದ್ದು ಹೊಡೀಬೇಕು?" ಎಂದ. ವಿಶ್ವನಾಥ ಹಣೆ ಹಣೆ ಚಚ್ಚಿಕೊಂಡ. ಜನ ಚಹಾ ಕುಡಿದು ಎದ್ದರು. ನಾಗುವಿಗೂ ಆವತ್ತು ತಲೆಗೆ ಹೋಗಲಿಲ್ಲ. ಅವಳ ತಲೆಯಲ್ಲಿ ಚಿಂದಿ ತುಂಬಿತ್ತು.

ಅದಾಗಿ ನಾಲ್ಕನೆಯ ದಿನ ಅವಳು ಬುಟ್ಟಿ ಹೊತ್ತು ಕುಮಟೆಗೆ ಹೋದರೆ ಪೇಟೆಯೆಲ್ಲ ಬಾಗಿಲು ಹಾಕಿತ್ತು. ಯಾತಕ್ಕೋ ಬಂದ್. ವಾಪಸು ಟೆಂಪೋವೂ ಸಿಗದೆ ತುಂಬಿದ ಬುಟ್ಟಿ ತಲೆಯ ಮೇಲೆಯೇ ಇಟ್ಟುಕೊಂಡು ನಡೆದು ಬಂದಳು. ಕೊಪ್ಪ ಮುಟ್ಟುವಾಗ ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಗದ್ದೆಯ ತಿರುವಿನಲ್ಲಿ ನಿಂತು ಉಸಿರು ಬಿಟ್ಟು ಬಾವಿಕಟ್ಟೆಯ ಕಡೆ ನೋಡಿದಳು.

ಹೊನ್ನಮ್ಮ ಬದನೆ ಸಾಲಿನಲ್ಲಿದ್ದಳು.

ಕೆಂಪು ಸೀರೆ, ತಲೆ ತುಂಬ ಹೊದ್ದ ಸೆರಗು. ಬೆನ್ನು ಬಾಗಿಸಿ, ಕೂತು ಕೂತು ಸರಿಯುತ್ತಿದ್ದಳು. ಬಿಸಿಲಿನ ಝಳಕ್ಕೆ ಆಕೃತಿ ನೀರಿನಲ್ಲಿ ಕಂಡ ಹಾಗೆ ಅಲುಗುತ್ತಿತ್ತು. ನಾಗುವಿಗೆ ಓಡಬೇಕೆನಿಸಿತು. ಆದರೆ ಅದಕ್ಕಿಂತ ಮೊದಲು, ಹೇಗೆಂದು ಅವಳಿಗೇ ತಿಳಿಯದ ಹಾಗೆ, ಬಾಯಿಯಿಂದ ಮಾತು ಹೊರಟಿತು.

"ಅತ್ತೆ, ನಾ ಎಂತ ತಪ್ಪು ಮಾಡ್ದೆ ಹೇಳು! ಹೇಳಿ ಹೋಗು!"

ಆಕೃತಿ ನೆಟ್ಟಗಾಯಿತು. ಆಗ ಬೆನ್ನಿನ ಮೇಲಿನ ಪಂಪು ಕಾಣಿಸಿತು. ಸೆರಗು ಜಾರಿತು. ಒಳಗೆ ಬೀರನ ಮುಖ. ಕೆಂಪಾದ ಕಣ್ಣು, ಹನಿಯುವ ಮೂಗು. ತಾಯಿಯ ಹಳೆಯ ಸೀರೆಯನ್ನು ಮದ್ದು ತಾಗದಿರಲೆಂದು ತಲೆಗೂ ಮೂಗಿಗೂ ಮೈಗೂ ಸುತ್ತಿಕೊಂಡಿದ್ದ.

ನಾಗು ಬುಟ್ಟಿ ಇಳಿಸಿದಳು. ನಗುವುದೋ ಅಳುವುದೋ ಹೊಡೆಯುವುದೋ ಅವಳಿಗೆ ತಿಳಿಯಲಿಲ್ಲ. ಇಷ್ಟು ದಿನ ತಿಂದ ಭಯವೆಲ್ಲ ಸಿಟ್ಟಾಗಿ ತಿರುಗಿತು.

"ನನ್ ಸಾಲಿಗೆ ಮದ್ದು ಹೊಡ್ದ್ರಿ. ನಾ ಪೇಟೆಗೆ ಹೋದ ಬೆನ್ನಿಗೇ ಹೊಡ್ದ್ರಿ. ನನ್ ಕೈಲಿ ಸತ್ತವ್ರಿಗೆ ಎಡೆ ಇಡ್ಸಿದ್ರಿ!"

"ಮತ್ತೆಂತ ಮಾಡೂದು?" ಬೀರನೂ ಕೂಗಿದ. "ಕಾಯಿ ಇದ್ದದ್ದು ಒಂದೇ ಒಂದು. ಅವ್ವಿ ಸಾಯ್ವಾಗ ನಿಂಗೊಬ್ಳಿಗೇ ಹೇಳಿದ್ದು ಅಂತ ಮಾಡಿದ್ಯೇ? ನಾನೂ ಬಾಗ್ಲಲ್ಲೇ ನಿಂತಿದ್ದೆ. ನಂಗೂ ಕೆಮಿ ಅದೆ, ಕೇಳ್ತದೆ."

ಮೂರು ವರ್ಷ ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ಹೊತ್ತಿದ್ದರು. ಅವಳು ಬಾವಿಕಟ್ಟೆಯ ಮೇಲೆ ಕೂತಳು. ಚಿಂದಿಗಳ ಕಡೆ ಕೈ ಮಾಡಿದಳು.

"ಅದು ಯಾತಕ್ಕೆ?"

"ಗುರ್ತಿಗೆ. ಅವ್ವಿ ಕಟ್ತಿತ್ತಲ್ಲ, ಹಂಗೆ." ಬೀರ ಸೀರೆಯ ತುದಿಯಿಂದ ಕಣ್ಣೊರೆಸಿಕೊಂಡ. ಆ ಗಂಟನ್ನು ತಾಯಿ ಅವನಿಗೆ ಚಿಕ್ಕಂದಿನಲ್ಲಿ ಬಸಳೆ ಚಪ್ಪರಕ್ಕೆ ಬಳ್ಳಿ ಕಟ್ಟಲು ಕಲಿಸಿದ್ದಳು. ಅವನ ಕೈಗೆ ಬೇರೆ ಗಂಟು ಗೊತ್ತೇ ಇರಲಿಲ್ಲ. "ಮದ್ದು ಹೊಡ್ದ ಮೇಲೂ ಯಾವ ಗಿಡದ ಹುಳ ಸಾಯ್ಲಿಲ್ವೋ ಆ ಗಿಡಕ್ಕೆ ಕಟ್ಟೂದು. ಮತ್ತೆ ಬಂದು ಅದಕ್ಕೆ ಡಬಲ್ ಹೊಡಿಯೂಕೆ. ಎರಡ್ನೇ ಸಲವೂ ಸಾಯ್ದಿದ್ರೆ ಎರಡು ಕಟ್ಟೂದು."

"ಸಾಯ್ದೇ ಇದ್ದದ್ದಕ್ಕೆ ಕಟ್ಟೂದು" ಎಂದಳು ನಾಗು ಮೆಲ್ಲಗೆ.

"ಹೌದು."

"ಎಲ್ಲದಕ್ಕಿಂತ ಗಟ್ಟಿ ಇದ್ದದ್ದಕ್ಕೆ."

"ಹೌದೇ, ಎಂತಾತು ಈಗ?"

ಶಾಲೆಯ ಜಗುಲಿಯ ಮಾತೆಲ್ಲ ಅವಳಿಗೆ ಈಗ ಬಂದು ತಾಗಿತು. ವಿಶ್ವನಾಥ ಅರ್ಧ ಗಂಟೆ ಕೂಗಿದ್ದನ್ನು ಈ ಚಿಂದಿ ಒಂದು ಗಳಿಗೆಯಲ್ಲಿ ಹೇಳಿತು. ರೋಗವಿಲ್ಲದ್ದನ್ನು, ಬಾಗದ್ದನ್ನು ಆರಿಸಿ ಉಳಿದದ್ದನ್ನು ಪೇಟೆಗೆ ಕಳಿಸಿದರೆ ಮುಂದಿನ ವರ್ಷದ ಗಿಡ ಗಟ್ಟಿಯಾಗುತ್ತದೆ. ಹೊನ್ನಮ್ಮ ಬದನೆಗೆ ಮಾಡಿದ್ದು ಅದನ್ನೇ. ಅವಳ ಮಗ ಒಂಬತ್ತು ವರ್ಷದಿಂದ ಹುಳಕ್ಕೆ ಮಾಡಿದ್ದೂ ಅದನ್ನೇ. ಬಡಕಲನ್ನೆಲ್ಲ ಕೊಂದು, ಗಟ್ಟಿಯದನ್ನು ಉಳಿಸಿ, ತಿಂಗಳಿಗೊಂದು ತಲೆಮಾರಿನ ಲೆಕ್ಕದಲ್ಲಿ, ಬೆನ್ನ ಮೇಲೆ ಪಂಪು ಹೊತ್ತು ಹುಳದ ಬೀಜ ಕಾಯ್ದಿದ್ದ. ಕೊನೆಗೆ ಗುರುತಿಗೆ ಬಟ್ಟೆಯನ್ನೂ ಕಟ್ಟಿದ್ದ.

"ಅದು ಬೀಜಕ್ಕೆ ಬಿಡೂಕೆ ಕಟ್ಟೂದು" ಎಂದಳು ನಾಗು. "ಅತ್ತೆ ಗುರ್ತಿಗೆ ಕಟ್ಟಿದ್ದಲ್ಲ. ಬೀಜಕ್ಕೆ. ನೀವು ಹುಳಾನ ಬೀಜಕ್ಕೆ ಬಿಟ್ರಿ."

ಬೀರ ಮೊದಲು ನಕ್ಕ. ಆಮೇಲೆ ಸಾಲನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನಗು ಹೋಯಿತು. ಪಂಪನ್ನು ಬೆನ್ನಿಂದ ಇಳಿಸಿ, ಬಾವಿಕಟ್ಟೆಯ ಆಚೆ ಹೋಗಿ ವಾಂತಿ ಮಾಡಿಕೊಂಡ. ಮದ್ದಿನಿಂದ ಆದ ವಾಂತಿಯೋ ಮಾತಿನಿಂದ ಆದದ್ದೋ ಯಾರು ಹೇಳುತ್ತಾರೆ. ನಾಗು ನೀರು ಸೇದಿ ಅವನ ಮುಖ ತೊಳೆಸಿದಳು, ಕೈ ತಿಕ್ಕಿ ತಿಕ್ಕಿ ತೊಳೆಸಿದಳು. ಆ ಕೈ ಅವಳ ಕೈಯೊಳಗೂ ನಡುಗುತ್ತಲೇ ಇತ್ತು.

ಅವತ್ತೇ ಕಿತ್ತರು. ಬೀರ ಏಳನೆಯ ಗಿಡದ ಮುಂದೆ ನಿಂತು, "ಇದೊಂದು ಇರ್ಲಿ, ಇನ್ನು ಇಪ್ಪತ್ತು ದಿನಕ್ಕೆ ಹಣ್ಣಾಗ್ತದೆ" ಎಂದ. ನಾಗು ಬೇಡವೆಂದಳು. ಒಂದು ಗಿಡ ನಿಂತರೆ ಹುಳಕ್ಕೆ ಒಂದು ಮನೆ ನಿಂತ ಹಾಗೆ. ಆ ಕಾಯಿಯೊಂದನ್ನು ಗೇಣುದ್ದ ಟೊಂಗೆಯ ಸಮೇತ ಕೊಯ್ದಳು. ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಚುಕ್ಕೆಯಿಲ್ಲ, ತೂತಿಲ್ಲ. ಟೊಂಗೆಯಲ್ಲಿಯೇ ಬಲಿತರೆ ಪುಣ್ಯ, ಬಲಿಯದಿದ್ದರೆ ಬೀಜ ಇಲ್ಲಿಗೆ ಮುರಿಯಿತು.

ಉಳಿದದ್ದಕ್ಕೆಲ್ಲ ಚಿಂದಿಗಳ ಸಮೇತ ಬೆಂಕಿ ಇಟ್ಟರು. ಹಸಿಗಿಡ, ಹೊಗೆ ಕಹಿಯಾಗಿತ್ತು. ಕೊಪ್ಪದವರು ಮೂಗು ಮುಚ್ಚಿಕೊಂಡು, ಇವರಿಗೆ ಮಂಡೆ ಸಮ ಇಲ್ಲವೆಂದು ಮಾತಾಡಿಕೊಂಡರು. ಅವರವರ ಹಿತ್ತಿಲಲ್ಲಿ ಅವರವರ ಬದನೆ ನಿಂತೇ ಇತ್ತು. ಅವರವರ ಪಂಪು ಗುಚಕ್ ಗುಚಕ್ ಎನ್ನುತ್ತಲೇ ಇತ್ತು.

ಹೊನ್ನಮ್ಮನ ಸೀರೆಯನ್ನು ನಾಗು ನಾಲ್ಕು ನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಿ, ಅದರಿಂದ ಕೊನೆಯದಾಗಿ ಒಂದು ಚಿಂದಿ ಹರಿದಳು. ಚಾವಡಿಯ ತೊಲೆಗೆ ಆ ಕಾಯಿಯನ್ನು ಕಟ್ಟಿದ್ದು ಬೀರ. ಎರಡು ಸುತ್ತು, ಒಂದು ಕುಣಿಕೆ, ತುದಿ ಎಡಕ್ಕೆ. ಹೇಳಿದ್ದು ನಾಗು, ಮೂರು ಸಲ.

"ನೀ ಮನೆಗೆ. ಉಳ್ದದ್ದು ಪೇಟೆಗೆ."

ಪೇಟೆಗೆ ಕಳಿಸಲು ಏನೂ ಉಳಿದಿರಲಿಲ್ಲ. ಆದರೂ ಮಾತನ್ನು ಪೂರ್ತಿ ಹೇಳಬೇಕಲ್ಲ.

ಆಮೇಲೆ ಅವರಿಬ್ಬರೂ ಅದನ್ನು ಮುಟ್ಟಲಿಲ್ಲ. ಬೀಜಕ್ಕೆ ಬಿಟ್ಟದ್ದನ್ನು ಮುಟ್ಟಬಾರದು. ಬರುವಾಗ ಹೋಗುವಾಗ ಕತ್ತೆತ್ತಿ ನೋಡುವರು, ಅಷ್ಟೇ. ಹಸಿರು ಮಾಸಿತು, ನೇರಳೆ ಗೀರು ಕಂದಿತು, ಮೆಲ್ಲಗೆ ಹಳದಿ ಬಂತು. ಬೀರ ಪಂಪನ್ನು ಅಟ್ಟಕ್ಕೆ ಹಾಕಿದ. ಅವನ ಕಣ್ಣಿನ ನೀರು ಕಮ್ಮಿಯಾಯಿತು. ಕೈ ನಡುಕ ಹೋಗಲಿಲ್ಲ. ನಾಗುವಿಗೆ ಮಧ್ಯಾಹ್ನದ ಹೆದರಿಕೆ ಬಿಟ್ಟಿತು. ನಿಜ ಹೇಳಬೇಕೆಂದರೆ ಅತ್ತೆ ಬರಲಿಲ್ಲವಲ್ಲ ಎಂದು ಒಮ್ಮೊಮ್ಮೆ ಬೇಜಾರೂ ಆಗುತ್ತಿತ್ತು.

ತಿಂಗಳು ತುಂಬಲು ನಾಲ್ಕು ದಿನವಿದ್ದಾಗ ಕಾಯಿ ಪೂರ್ತಿ ಹಣ್ಣಾಗಿ ಸುಕ್ಕುಗಟ್ಟಿತು. ಬೆಳಿಗ್ಗೆ ಮಿಂದು ಬಂದು ನಾಗು ಮಣೆಯ ಮೇಲೆ ನಿಂತು ಅದನ್ನು ಇಳಿಸಿದಳು. ಬೀರ ಬೂದಿ ತುಂಬಿದ ತೆಂಗಿನ ಗೆರಟೆ ಹಿಡಿದು ಪಕ್ಕದಲ್ಲಿ ಕೂತ. ಕೂದಲು ನೆರೆತ ಗಂಡಸು ಬೀಜ ತೆಗೆಯುವುದನ್ನು ಅವತ್ತೇ ಮೊದಲ ಸಲ ನೋಡುತ್ತಿದ್ದ. ಕಾಯಿ ಸೀಳಿತು. ಬಹಳಷ್ಟು ಬೀಜ ಹೊಟ್ಟು, ಬೆರಳಿಗೆ ಹಪ್ಪಳದ ಹಾಗೆ ಮುರಿಯಿತು. ನಾಗು ಒಂದೊಂದನ್ನೇ ಒತ್ತಿ ನೋಡಿದಳು. ಗಟ್ಟಿಯಾದದ್ದು ಹನ್ನೊಂದು ಸಿಕ್ಕಿದವು.

"ಸಾಕು" ಎಂದ ಬೀರ. "ಹನ್ನೊಂದು ಸಾಕೇ."

ನಾಗು ಸಿಪ್ಪೆಯನ್ನು ತಿರುಗಿಸಿ ನೋಡುತ್ತಿದ್ದಳು. ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ದುಂಡನೆಯ ಒಂದು ತೂತು. ಒಳಗಿನಿಂದ ಹೊರಕ್ಕೆ ಕೊರೆದದ್ದು. ಕೊಯ್ದ ದಿನ ಅದು ಇರಲಿಲ್ಲ. ಹುಳ ಅದಕ್ಕೂ ಮೊದಲೇ ಕಣದಷ್ಟು ಸಣ್ಣದಿದ್ದಾಗ ಒಳಹೊಕ್ಕಿತ್ತು, ಗಾಯ ಹಿಂದೆಯೇ ಕೂಡಿಕೊಂಡಿತ್ತು. ಆರು ಗಿಡದ ಮದ್ದಿನಲ್ಲಿ ಸಾಯದೆ ಉಳಿದದ್ದರ ಮಗು ಅದು.

ಅವಳು ಕೆಂಪು ಚಿಂದಿಯ ಗಂಟನ್ನು ಬಿಚ್ಚಿದಳು. ಮಡಿಕೆಯೊಳಗೆ, ಹೊನ್ನಮ್ಮನ ಸೀರೆಯ ನೂಲಿಗೇ ಅಂಟಿಕೊಂಡು, ಕಂದು ಬಣ್ಣದ ಪುಟ್ಟ ಗೂಡೊಂದಿತ್ತು. ಒಂದು ತುದಿ ತೆರೆದಿತ್ತು. ಬೆರಳಿನಿಂದ ಒತ್ತಿದಳು. ಬರೀ ತೊಗಟೆ. ಒಳಗಿದ್ದದ್ದಕ್ಕೆ ರೆಕ್ಕೆ ಬಂದು, ಈ ಚಾವಡಿಯಲ್ಲಿಯೇ ಎಲ್ಲೋ ಒಂದು ಸಂಜೆ ಕೂತು, ಆಮೇಲೆ ಕಿಟಕಿಯಿಂದ ಹೊರಟುಹೋಗಿತ್ತು. ಕಿಟಕಿಯ ಆಚೆ ದಾಸನ ಹಿತ್ತಿಲು. ಅಲ್ಲಿ ಬದನೆ ಹೂ ಬಿಟ್ಟಿತ್ತು.

"ಎಂತದೆ?" ಎಂದ ಬೀರ.

ನಾಗು ಹನ್ನೊಂದು ಬೀಜವನ್ನು ಬೂದಿಯಲ್ಲಿ ಹೊರಳಿಸಿ ಸೋರೆಬುರುಡೆಗೆ ಹಾಕಿದಳು. ಅಲ್ಲಾಡಿಸಿದಳು. ಸದ್ದು ಬಂತು. ಬುರುಡೆಯನ್ನು ಒಲೆಯ ಮೇಲೆ ತೂಗುಹಾಕಿ, ಅದರ ಕಡೆ ಮುಖ ಮಾಡಿ, ಅತ್ತೆ ಅಲ್ಲೇ ನಿಂತಿದ್ದಾಳೆ ಎನ್ನುವ ಹಾಗೆ ಹೇಳಿದಳು:

"ಬೀಜ ಮುರೀಲಿಲ್ಲ, ಅತ್ತೆ. ಎರಡೂ ಮುರೀಲಿಲ್ಲ."

ಬೀರನಿಗೆ ಅರ್ಥವಾಗಲಿಲ್ಲ. ಅವಳು ಗೂಡಿದ್ದ ಚಿಂದಿಯನ್ನು ಅವನ ನಡುಗುವ ಅಂಗೈಯ ಮೇಲೆ ಇಟ್ಟಳು. ನೀ ಮನೆಗೆ ಎಂದು ಅವಳೇ ಮೂರು ಸಲ ಹೇಳಿದ್ದಳು. ಕೇಳಿದವರು ಇಬ್ಬರಿದ್ದರು, ಬದನೆಯೂ ಅದರೊಳಗಿನ ಹುಳವೂ.